ಚೆನ್ನೈನ ಬೇಸಿಗೆ: ಬರ, ನೆರೆ ಮತ್ತು ನಮ್ಮ ಸಿದ್ಧತೆ

ಕರ್ನಾಟಕದಿಂದ ಬಂದು ಚೆನ್ನೈನಲ್ಲಿ ನೆಲೆಸಿದ ನಾವು ಇಲ್ಲಿನ ಮಳೆಯ ಲೆಕ್ಕವನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಊರಿನಲ್ಲಿ ಜೂನ್ ಎಂದರೆ ಮುಂಗಾರಿನ ಮೋಡ. ಇಲ್ಲಿ ಆಗಲೂ ಬಿಸಿಲು. ನಗರದ ವಾರ್ಷಿಕ ಸರಾಸರಿ ಮಳೆ ಸುಮಾರು 1,400 ಮಿ.ಮೀ. ಇದರ ಅರ್ಧಕ್ಕಿಂತ ಹೆಚ್ಚಿನ ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಸುರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಕೊಡ ತುಂಬುವುದೋ ಇಲ್ಲವೋ ಎಂಬುದು ಹಿಂದಿನ ವರ್ಷದ ಈ ಮೂರು ತಿಂಗಳುಗಳಲ್ಲೇ ನಿರ್ಧಾರವಾಗುತ್ತದೆ.

ನೆರೆಯಿಂದ ಬರಕ್ಕೆ

2015ರ ಡಿಸೆಂಬರ್ ಮೊದಲ ವಾರದಲ್ಲಿ ತಾಂಬರಂನಲ್ಲಿ 24 ಗಂಟೆಗಳಲ್ಲಿ 49 ಸೆಂ.ಮೀ. ಮಳೆಯಾಯಿತು. ಚೆಂಬರಂಬಾಕ್ಕಂ ಜಲಾಶಯದ ಹೆಚ್ಚುವರಿ ನೀರೂ ಸೇರಿ ಅಡ್ಯಾರ್ ನದಿ ಉಕ್ಕಿ ಹರಿದು, ಇಕ್ಕೆಲದ ಬಡಾವಣೆಗಳು ಮುಳುಗಿದವು. ನಾಲ್ಕು ವರ್ಷ ಕಳೆಯುವುದರೊಳಗೆ, 2019ರ ಜೂನ್‌ನಲ್ಲಿ, ಅದೇ ಚೆಂಬರಂಬಾಕ್ಕಂ ಬಿರುಕುಬಿಟ್ಟ ಬಯಲಾಗಿತ್ತು. ಪೂಂಡಿ, ಚೋಳವರಂ, ಪುಳಲ್ ಜಲಾಶಯಗಳೂ ಬಹುತೇಕ ಬರಿದಾದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ ವಿಲ್ಲಿವಾಕ್ಕಂಗೆ 25 ಲಕ್ಷ ಲೀಟರ್ ನೀರು ಹೊತ್ತ ಮೊದಲ ರೈಲು ಬಂದಿತು. ಬೆಂಗಳೂರಿನ ಹಾದಿಯಲ್ಲಿ ನಾವೆಲ್ಲ ದಾಟಿಹೋಗುವ ಆ ನಿಲ್ದಾಣದಿಂದ ಬಂದದ್ದು ಕಾವೇರಿಯ ನೀರು.

ಬೇಸಿಗೆಯಲ್ಲಿ ಮಳೆಯೇ ಬಾರದೆಂದೂ ಹೇಳುವಂತಿಲ್ಲ. 2023ರ ಜೂನ್ 19ರ ಬೆಳಗಿನ ವೇಳೆಗೆ ಮೀನಂಬಾಕ್ಕಂನಲ್ಲಿ ಸುಮಾರು 16 ಸೆಂ.ಮೀ. ಮಳೆ ಸುರಿದು ಶಾಲೆಗಳಿಗೆ ರಜೆ ಘೋಷಿಸಬೇಕಾಯಿತು. ನೆರೆ, ಬರಗಳನ್ನು ಎರಡು ಬೇರೆ ವಿಪತ್ತುಗಳೆಂದು ಎಣಿಸುವುದು ತಪ್ಪು. ಬಿದ್ದ ನೀರು ಇಂಗಲು ಕೆರೆ, ಜೌಗು, ತೆರೆದ ನೆಲ ಉಳಿಯದಿದ್ದರೆ ಮಳೆಗಾಲದಲ್ಲಿ ಅದು ಮನೆಯೊಳಗೆ ಬರುತ್ತದೆ. ಬೇಸಿಗೆಯಲ್ಲಿ ಬಾವಿಯಲ್ಲೂ ಇರುವುದಿಲ್ಲ.

ತಾರಸಿಯ ನೀರು

ತಮಿಳುನಾಡಿನಲ್ಲಿ 2003ರಲ್ಲಿ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಲೆಕ್ಕ ಸರಳ: ನೂರು ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರ್. ಸ್ವಲ್ಪ ಪೋಲಾದರೂ ಉಳಿದದ್ದು ಬಾವಿಗೆ ಅಥವಾ ಇಂಗುಗುಂಡಿಗೆ ಸೇರಬಲ್ಲದು. ಆದರೆ ಕೊಳವೆಯಲ್ಲಿ ಎಲೆ, ಗುಂಡಿಯಲ್ಲಿ ಹೂಳು ತುಂಬಿದರೆ ವ್ಯವಸ್ಥೆ ಹೆಸರಿಗಷ್ಟೇ ಉಳಿಯುತ್ತದೆ. ವಸತಿ ಸಮುಚ್ಚಯದಲ್ಲಿರುವವರು ಸೆಪ್ಟೆಂಬರ್ ಮುಗಿಯುವುದರೊಳಗೆ ತಾರಸಿ ಗುಡಿಸಿ, ಗುಂಡಿಯ ಹೂಳೆತ್ತಿಸುವುದು ಉಚಿತ. ಬಾವಿಗೆ ನೆರೆನೀರು ನುಗ್ಗಿದ್ದರೆ ಶುಚಿಗೊಳಿಸಿ ಕ್ಲೋರಿನ್ ಹಾಕದೆ ಬಳಸಬಾರದು. ಕುಡಿಯುವ ನೀರನ್ನು ಕುದಿಸಲೇಬೇಕು.

ಬಿಸಿಲಿನ ಕಾಲ

2003ರ ಮೇ 31ರಂದು ಚೆನ್ನೈನಲ್ಲಿ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಮೇ ತಿಂಗಳ ‘ಅಗ್ನಿನಕ್ಷತ್ರ’ದ ದಿನಗಳ ಭಯ ಇಲ್ಲಿನ ಜನರಿಗೆ ಸುಮ್ಮನೆ ಬಂದುದಲ್ಲ. ಕಡಲತೀರದ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ಆದ್ದರಿಂದ ಉಷ್ಣಮಾಪಕ 37 ಡಿಗ್ರಿ ತೋರಿಸಿದರೂ ದೇಹಕ್ಕಾಗುವ ಬಳಲಿಕೆ ಅದಕ್ಕಿಂತ ಹೆಚ್ಚು.

ಮಧ್ಯಾಹ್ನ 12ರಿಂದ 3ರವರೆಗೆ ಹೊರಹೋಗದಿರುವುದು ಲೇಸು. ನೀರುಮಜ್ಜಿಗೆ, ಪಾನಕ, ಎಳನೀರು ಹಿತಕರ. ಮಧುಮೇಹ, ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಸೇವಿಸಲಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಪ್ರಜ್ಞೆ ಮಂಕಾದರೆ ಅದು ಬಿಸಿಲಾಘಾತದ ಲಕ್ಷಣ. ರೋಗಿಯನ್ನು ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ, ತಡಮಾಡದೆ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಮಕ್ಕಳು ದೂರದೇಶದಲ್ಲಿದ್ದು ಒಂಟಿಯಾಗಿ ವಾಸಿಸುವ ಹಿರಿಯರು ನಮ್ಮವರಲ್ಲಿ ಅನೇಕರಿದ್ದಾರೆ. ನೆರೆಯೇ ಬರಲಿ, ಬಿಸಿಲೇ ಏರಲಿ, ಮೊದಲು ಅವರ ಬಾಗಿಲು ತಟ್ಟಿ ಕ್ಷೇಮ ವಿಚಾರಿಸೋಣ. ಸಂಘಜೀವನದ ನಿಜವಾದ ಅರ್ಥ ಇದೇ ಎಂದು ನಾವು ನಂಬಿದ್ದೇವೆ.