ಬರದ ಕಾಮಗಾರಿಯಿಂದ ದುಡಿಮೆಯ ಹಕ್ಕಿಗೆ: ಮಹಾರಾಷ್ಟ್ರದ ಉದ್ಯೋಗ ಖಾತರಿ ಚರ್ಚೆ

ಊರಿನಲ್ಲಿ ದುಡಿಮೆ ಕಾಣದವನಿಗೆ ದುಡಿಮೆಯನ್ನು ಒದಗಿಸುವುದು ಪ್ರಭುತ್ವದ ದಯೆಯೋ ಅಥವಾ ಅದರ ಕರ್ತವ್ಯವೋ? ಭಾರತದ ರಾಜ್ಯವೊಂದು ಈ ಪ್ರಶ್ನೆಗೆ ಕಾನೂನಿನ ಭಾಷೆಯಲ್ಲಿ ಮೊದಲು ಉತ್ತರಿಸಿದ್ದು ಮಹಾರಾಷ್ಟ್ರದಲ್ಲಿ. ಹೊರನಾಡ ಕನ್ನಡಿಗರ ಮಟ್ಟಿಗೆ ಇದು ನೆರೆಮನೆಯ ಸಂಗತಿಯಲ್ಲ. ಜತ್ತ, ಅಕ್ಕಲಕೋಟೆಯಂತಹ ಮಳೆ ಕಡಿಮೆಯ ಗಡಿ ತಾಲೂಕುಗಳಲ್ಲಿ ಕನ್ನಡ ಮಾತನಾಡುವ ಜನ ನೆಲೆಸಿದ್ದಾರೆ. ಮುಂಬಯಿ, ಪುಣೆಗಳಲ್ಲಿ ಸಂಬಳಕ್ಕೆ ದುಡಿಯುವ ಕನ್ನಡಿಗರು ಈ ಯೋಜನೆಯ ಸಲುವಾಗಿ ವಿಧಿಸಲಾದ ತೆರಿಗೆಯನ್ನು ತೆತ್ತಿದ್ದಾರೆ. ಈ ಚರ್ಚೆ ಬೆಳೆದು ಬಂದ ಬಗೆಯನ್ನು ಸಂಗ್ರಹವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರಾಮೀಣ ಕಾಮಗಾರಿಗೆಂದು ಆದಾಯವನ್ನು ಮೀಸಲಿಡುವ ಪದ್ಧತಿ ನಮ್ಮಲ್ಲಿ ಹೊಸತಲ್ಲ. ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಪಾರಿಭಾಷಿಕ ಪದಗಳು ಕೆರೆಯ ನಿರ್ಮಾಣ ಮತ್ತು ದುರಸ್ತಿಗಾಗಿ ಬಿಟ್ಟ ಭೂಮಿಯನ್ನು ಕುರಿತವು. ಆದರೆ ಈ ದತ್ತಿಗಳ ಕೇಂದ್ರದಲ್ಲಿದ್ದುದು ಕೆರೆ ಮತ್ತು ಅದನ್ನು ಕಟ್ಟಿಸಿದವನ ಪುಣ್ಯ. ಮಣ್ಣು ಹೊತ್ತವನ ಹಕ್ಕಲ್ಲ. 12ನೆಯ ಶತಮಾನದ ಶರಣರು ಕಾಯಕಕ್ಕೆ ಗೌರವವನ್ನು ತಂದುಕೊಟ್ಟರು. ಕಾಯಕವೇ ದೊರೆಯದಿದ್ದಾಗ ಅದನ್ನು ಒದಗಿಸುವ ಹೊಣೆ ಯಾರದು ಎಂಬುದು ಆಧುನಿಕ ಪ್ರಭುತ್ವದ ಮುಂದೆ ನಿಂತ ಪ್ರಶ್ನೆ.

ಬ್ರಿಟಿಷ್ ಆಡಳಿತವು 1880ರ ಕ್ಷಾಮ ಆಯೋಗದ ತರುವಾಯ ರೂಪಿಸಿದ ಕ್ಷಾಮ ಸಂಹಿತೆಗಳು ಇದಕ್ಕೆ ಅರೆ ಉತ್ತರವನ್ನಷ್ಟೇ ಕೊಟ್ಟವು. ಬೆಳೆಯ ಆಣೆವಾರಿ ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಸರಕಾರ ಬರವನ್ನು ಘೋಷಿಸುತ್ತಿತ್ತು. ಘೋಷಣೆಯಾದರೆ ರಸ್ತೆ, ಕೆರೆಗಳ ಕೆಲಸ ತೆರೆಯುತ್ತಿತ್ತು. ಮಳೆ ಬಂದೊಡನೆ ಕೆಲಸ ಮುಚ್ಚುತ್ತಿತ್ತು. ಕೂಲಿಕಾರ ಕೇಳಬಹುದಾಗಿತ್ತೇ ಹೊರತು ಒತ್ತಾಯಿಸುವಂತಿರಲಿಲ್ಲ. ಸಂವಿಧಾನದ 41ನೆಯ ಅನುಚ್ಛೇದವು ದುಡಿಮೆಯ ಹಕ್ಕನ್ನು ಹೆಸರಿಸಿತಾದರೂ ಅದನ್ನು ನಿರ್ದೇಶಕ ತತ್ತ್ವಗಳ ಸಾಲಿನಲ್ಲಿರಿಸಿದ್ದರಿಂದ ನ್ಯಾಯಾಲಯದ ಮೂಲಕ ಪಡೆಯುವ ದಾರಿಯಿರಲಿಲ್ಲ.

ಈ ಅರೆ ಉತ್ತರವನ್ನು ಮುಂದಕ್ಕೊಯ್ದವರು ಸಾಂಗಲಿ ಜಿಲ್ಲೆಯವರೂ ಮಹಾರಾಷ್ಟ್ರ ವಿಧಾನ ಪರಿಷತ್ತಿನ ದೀರ್ಘಕಾಲದ ಸಭಾಪತಿಗಳೂ ಆಗಿದ್ದ ಗಾಂಧೀವಾದಿ ವಿ. ಸ. ಪಾಗೆ. 1965ರಲ್ಲಿ ತಾಸಗಾಂವ ತಾಲೂಕಿನಲ್ಲಿ ಅವರ ಪ್ರೇರಣೆಯಿಂದ ಸಣ್ಣ ಪ್ರಮಾಣದ ಪ್ರಯೋಗವೊಂದು ನಡೆಯಿತು. 1971ರಲ್ಲಿ ಪುಣೆಯ ಗೋಖಲೆ ಸಂಸ್ಥೆಯ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ ಅವರು ಭಾರತದ ಬಡತನವನ್ನು ಕುರಿತ ಅಧ್ಯಯನದಲ್ಲಿ, ಭೂಮಿಯ ಮರುಹಂಚಿಕೆಯೊಂದರಿಂದಲೇ ಬಡತನ ನೀಗದು, ವ್ಯಾಪಕ ಗ್ರಾಮೀಣ ಕಾಮಗಾರಿಗಳು ಅಗತ್ಯ ಎಂದು ವಾದಿಸಿದರು. 1972ರಲ್ಲಿ ವಸಂತರಾವ್ ನಾಯಕರ ಸರಕಾರ ಉದ್ಯೋಗ ಖಾತರಿ ಯೋಜನೆಯನ್ನು ಪ್ರಕಟಿಸಿತು. ಅಷ್ಟರಲ್ಲಿ ಭೀಕರ ಬರ ಎರಗಿತು. 1973ರ ಬೇಸಿಗೆಯಲ್ಲಿ ಬರ ಪರಿಹಾರ ಕೆಲಸಗಳಲ್ಲಿದ್ದವರ ಸಂಖ್ಯೆ 50 ಲಕ್ಷದ ಸಮೀಪಕ್ಕೆ ಬಂದಿತು. ಜಲ್ಲಿ ಒಡೆಯುತ್ತ ಕುಳಿತ ಈ ಜನಸಾಗರ ಎರಡು ಸತ್ಯಗಳನ್ನು ಸಾಬೀತುಪಡಿಸಿತು: ಕೆಲಸ ಕೊಟ್ಟರೆ ಗಂಡಸರು, ಹೆಂಗಸರು ದುಡಿಯಲು ಸಿದ್ಧರಿದ್ದಾರೆ; ಮನಸ್ಸು ಮಾಡಿದರೆ ಆಡಳಿತ ಅಷ್ಟು ಕೆಲಸವನ್ನು ತೆರೆಯಬಲ್ಲದು. ಬರ ಮುಗಿದ ಮೇಲೆ, 1974ರಿಂದ, ಖಾತರಿ ಯೋಜನೆ ಮತ್ತೆ ಜೀವ ಪಡೆಯಿತು.

ಹಣ ಎಲ್ಲಿಂದ ಬರಬೇಕೆಂಬುದು ಚರ್ಚೆಯ ಎರಡನೆಯ ಘಟ್ಟ. 1975ರ ಕಾಯ್ದೆಯೊಂದರ ಮೂಲಕ ನೌಕರಿ, ವೃತ್ತಿ, ವ್ಯಾಪಾರಗಳ ಮೇಲೆ ವೃತ್ತಿ ತೆರಿಗೆ ಬಂದಿತು; ಅದರ ಉತ್ಪನ್ನಕ್ಕೆ ಸರಕಾರವೂ ಸಮಪಾಲು ಸೇರಿಸಬೇಕಾಯಿತು. ನಗರದ ಸಂಬಳ ಹಳ್ಳಿಯ ಕೂಲಿಯಾಗಿ ಹರಿಯುವ ಈ ಏರ್ಪಾಡು ಅಪೂರ್ವವಾದುದು. 1977ರಲ್ಲಿ ಉಭಯ ಸದನಗಳು ಅಂಗೀಕರಿಸಿದ ಉದ್ಯೋಗ ಖಾತರಿ ಕಾಯ್ದೆ 1979ರ ಜನವರಿ 26ರಂದು ಜಾರಿಗೆ ಬಂದಿತು. ಕೆಲಸ ಕೇಳಿದ ಗ್ರಾಮೀಣ ವಯಸ್ಕನಿಗೆ 15 ದಿನಗಳೊಳಗೆ ಕೆಲಸ ಕೊಡಬೇಕು, ತಪ್ಪಿದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂಬುದು ಅದರ ತಿರುಳು. ಆಣೆವಾರಿಯ ಅಂಕಿಯಿದ್ದ ಸ್ಥಾನದಲ್ಲಿ ಕೂಲಿಕಾರನ ಬೇಡಿಕೆ ನಿಂತಿತು. ಈ ಪಲ್ಲಟವನ್ನು ಇತಿಹಾಸಕಾರರು ಕಡೆಗಣಿಸಲಾಗದು.

ಆದರೂ ಕಾನೂನು ಬಂದೊಡನೆ ಚರ್ಚೆ ಮುಗಿಯಲಿಲ್ಲ. 1983ರಲ್ಲಿ ಹೆರಿಂಗ್ ಮತ್ತು ಎಡ್ವರ್ಡ್ಸ್ ಎಂಬ ವಿದ್ವಾಂಸರು, ಕಾಮಗಾರಿಯಿಂದ ಹುಟ್ಟಿದ ಇಂಗುಕೆರೆ, ರಸ್ತೆಗಳ ಲಾಭ ಬಹುಮಟ್ಟಿಗೆ ಭೂಮಾಲೀಕರಿಗೇ ಸೇರುತ್ತದೆಂದೂ ಯೋಜನೆಗೆ ದೊರೆತ ರಾಜಕೀಯ ಬೆಂಬಲಕ್ಕೆ ಇದೂ ಒಂದು ಕಾರಣವೆಂದೂ ವಿಶ್ಲೇಷಿಸಿದರು. ಸುಗ್ಗಿಯಲ್ಲಿ ಆಳು ಸಿಗುವುದಿಲ್ಲವೆಂಬುದು ದೊಡ್ಡ ರೈತರ ದೂರಾಗಿತ್ತು. 1988ರಲ್ಲಿ ಕನಿಷ್ಠ ಕೂಲಿ ಇಮ್ಮಡಿಯಾದಾಗ ಪರೀಕ್ಷೆಯ ಕಾಲ ಬಂದಿತು. ಕೂಲಿ ಹೆಚ್ಚಿದರೆ ಕೆಲಸ ಕೇಳುವವರೂ ಹೆಚ್ಚಬೇಕು. ಆದರೆ ಒದಗಿಸಿದ ಕೆಲಸ ಇಳಿಯಿತು. ಹೆಚ್ಚಿದ ಕೂಲಿಯ ಹೊರೆಯನ್ನು ಕೆಲಸದ ಪಡಿತರದಿಂದ ಸರಿದೂಗಿಸಲಾಯಿತೆಂದು ರವಾಲಿಯನ್, ದತ್ತ್ ಮತ್ತು ಚೌಧುರಿ ಅವರು 1993ರ ಅಧ್ಯಯನದಲ್ಲಿ ತೋರಿಸಿದರು. ಹಕ್ಕು ಗ್ರಂಥದಲ್ಲಿ ಉಳಿದಿದ್ದರೂ ಅದರ ಬಲ ಬೊಕ್ಕಸದ ಇಚ್ಛೆಯನ್ನು ಅವಲಂಬಿಸಿತ್ತು.

ಗ್ರಾಮೀಣ ತರುಣರ ಪ್ರಶ್ನೆ ಇದಕ್ಕಿಂತ ಜಟಿಲ. ಕಾಯ್ದೆ ಭರವಸೆ ಕೊಟ್ಟದ್ದು ಕೌಶಲ ಬೇಡದ ಮೈಮುರಿಯುವ ಶ್ರಮಕ್ಕೆ. ಪ್ರೌಢಶಾಲೆ ಮುಗಿಸಿದ ತರುಣ ಅಲ್ಲಿ ಗುದ್ದಲಿ ಹಿಡಿಯಬಹುದಾಗಿತ್ತು, ಅವನ ಕಲಿಕೆಗೆ ಮಾತ್ರ ಬೆಲೆಯಿರಲಿಲ್ಲ. 1990ರಲ್ಲಿ ಹಣ್ಣಿನ ತೋಟಗಾರಿಕೆಯನ್ನು ಯೋಜನೆಗೆ ಜೋಡಿಸಿದಾಗ ಸ್ವಂತ ಹೊಲದಲ್ಲಿ ಬಾಳುವ ದಾರಿ ತೆರೆಯಿತು. ಆದರೆ ಅದು ಹೊಲವಿದ್ದವರಿಗೆ. ಹೊಲವಿಲ್ಲದ, ಓದು ಅರೆಯಾದ ತರುಣ ನಗರದ ಬಸ್ಸನ್ನು ಹತ್ತುವುದನ್ನು ಈ ಕಾಯ್ದೆ ತಡೆಯಲಾರದಾಯಿತು.

ಕರ್ನಾಟಕವು 1976ರಲ್ಲಿ ವೃತ್ತಿ ತೆರಿಗೆಯ ಕಾಯ್ದೆಯನ್ನು ಮಾಡಿತು. ತೆರಿಗೆಗೆ ಜೊತೆಯಾಗಿ ಮಹಾರಾಷ್ಟ್ರದಂತಹ ಶಾಸನಬದ್ಧ ಖಾತರಿ ಅಲ್ಲಿ ಬರಲಿಲ್ಲ. ಆ ಖಾತರಿ ಕನ್ನಡನಾಡಿಗೆ ಬಂದುದು 2005ರ ರಾಷ್ಟ್ರೀಯ ಕಾಯ್ದೆಯ ಮೂಲಕ. ವರ್ಷಕ್ಕೆ ಕುಟುಂಬಕ್ಕೆ 100 ದಿನಗಳ ಕೆಲಸದ ಆ ಕಾಯ್ದೆಯಲ್ಲಿ ಅಕುಶಲ ಕೂಲಿಯ ವೆಚ್ಚ ಕೇಂದ್ರದ್ದಾಗಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಸ್ಥಾನಕ್ಕೆ ಬೇರೆ ಕಾಯ್ದೆಯನ್ನು ಅಂಗೀಕರಿಸಿತು. ದಿನಗಳು 125ಕ್ಕೆ ಏರಿದವು. ಹೆಚ್ಚಿನ ರಾಜ್ಯಗಳು ವೆಚ್ಚದ 40 ಭಾಗವನ್ನು ಹೊರಬೇಕಾಯಿತು. ಬಿತ್ತನೆ, ಕೊಯ್ಲಿನ ಕಾಲದಲ್ಲಿ 60 ದಿನಗಳವರೆಗೆ ಕೆಲಸವನ್ನು ತಡೆಹಿಡಿಯಲು ಅವಕಾಶವಾಯಿತು.

ಹಳೆಯ ಎರಡು ಪ್ರಶ್ನೆಗಳು, ಅಂದರೆ ಹಣ ಯಾರದು ಮತ್ತು ಸುಗ್ಗಿಯ ಆಳು ಯಾರ ವಶ ಎಂಬಿವು, ಹೀಗೆ ಮರಳಿ ಬಂದಿವೆ. ಮಹಾರಾಷ್ಟ್ರದ ಅನುಭವ ಹೇಳುವ ಪಾಠ ಸ್ಪಷ್ಟ: ಮೀಸಲು ಆದಾಯವಿಲ್ಲದ ಖಾತರಿ ಬರಿಯ ವಾಗ್ದಾನ, ಮೀಸಲು ಆದಾಯವಿದ್ದೂ ಕೇಳುವವರ ಸಂಘಟಿತ ದನಿಯಿಲ್ಲದಿದ್ದರೆ ಅದು ಬೊಕ್ಕಸದ ಒಂದು ಲೆಕ್ಕ. ರಾಜ್ಯಗಳ ಪಾಲು ಬೆಳೆದಿರುವ ಈ ಹೊತ್ತಿನಲ್ಲಿ ಪ್ರಾದೇಶಿಕ ಶಾಸನಸಭೆಗಳು ಪಾಗೆಯವರ ಕಾಲದ ಚರ್ಚೆಯನ್ನು ಮತ್ತೆ ಎತ್ತಿಕೊಳ್ಳುವುದು ಅನಿವಾರ್ಯವೆನಿಸುತ್ತದೆ.