ವಾಣಿಜ್ಯದ ಇಂಗ್ಲಿಷ್ ನುಡಿಗಟ್ಟು: ಕಲಿಕೆಯ ಚರಿತ್ರೆಯ ಒಂದು ಅವಲೋಕನ

ಭಾರತದಲ್ಲಿ ಇಂಗ್ಲಿಷ್ ಶಿಕ್ಷಣದ ಚರಿತ್ರೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಸಾಹಿತ್ಯ, ವಿಜ್ಞಾನ ಹಾಗೂ ರಾಷ್ಟ್ರೀಯ ಚಿಂತನೆಗಳ ಸುತ್ತ ಬೆಳೆದಿವೆ. ಮಂಡಿ, ಗೋದಾಮು, ಕಚೇರಿಗಳಲ್ಲಿ ಹೊಟ್ಟೆಪಾಡಿಗಾಗಿ ಕಲಿತ ಇಂಗ್ಲಿಷಿಗೆ ಆ ಗೌರವ ದೊರೆತಿಲ್ಲ. ಆದರೆ ಸಾಮಾನ್ಯ ಜನರಲ್ಲಿ ಬಹುಪಾಲು ಮಂದಿಗೆ ಈ ಭಾಷೆಯ ಪರಿಚಯವಾದದ್ದು ಕಾವ್ಯದಿಂದಲ್ಲ, ರಸೀದಿಯಿಂದ, ಅರ್ಜಿಯಿಂದ. ವ್ಯವಹಾರದ ಪದಸಂಪತ್ತನ್ನು ನಮ್ಮವರು ಹೇಗೆ ಕಲಿತರು, ಕಲಿತವರು ಏಕೆ ನಗೆಪಾಟಲಿಗೆ ಗುರಿಯಾದರು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲಿಗೆ ಗಮನಿಸಬೇಕಾದುದು, ವ್ಯವಹಾರಕ್ಕಾಗಿ ಪರಭಾಷೆಯ ಮಾತನ್ನು ಒಳಗೊಳ್ಳುವುದು ಕನ್ನಡಕ್ಕೆ ಹೊಸದಲ್ಲ. 'ಸೆಟ್ಟಿ' ಎಂಬುದು ಶ್ರೇಷ್ಠಿಯಿಂದ, 'ಸುಂಕ' ಎಂಬುದು ಶುಲ್ಕದಿಂದ ಬಂದ ತದ್ಭವಗಳು. ಹಳೆಯ ಶಾಸನಗಳಲ್ಲಿ ಕಾಣುವ 'ಪೆರ್ಜುಂಕ'ದಲ್ಲಿ ಕನ್ನಡದ ವಿಶೇಷಣವು ಸಂಸ್ಕೃತಮೂಲದ ನಾಮಪದದೊಡನೆ ಬೆರೆತು ಒಂದು ತೆರಿಗೆಯ ಹೆಸರಾಗಿದೆ. ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ವರ್ತಕವರ್ಗಗಳ ಉಲ್ಲೇಖವಿದೆ. ಈ ಸಂಘದ ಜಾಲ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಸುಮಾತ್ರಾದಲ್ಲಿ ದೊರೆತ ಕ್ರಿ.ಶ. ೧೦೮೮ರ ತಮಿಳು ಶಾಸನವೇ ಸಾಕ್ಷಿ. ಅಂದು ಗೌರವಸೂಚಕವಾಗಿದ್ದ 'ಪರದೇಶಿ' ಇಂದು ದಿಕ್ಕಿಲ್ಲದವನೆಂಬ ಅರ್ಥಕ್ಕೆ ಇಳಿದಿದೆ. ವ್ಯವಹಾರದ ಪದಗಳ ಬೆಲೆ ಆ ವ್ಯವಹಾರವನ್ನು ನಡೆಸುವವರ ಬಲದೊಡನೆ ಏರಿಳಿಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಮುಂದಿನ ಶತಮಾನಗಳಲ್ಲಿ ಜಮಾ, ಬಾಕಿ, ವಸೂಲಿ, ದಲ್ಲಾಳಿ ಮುಂತಾದ ಅರಬ್ಬಿ-ಪಾರಸಿ ಮೂಲದ ಪದಗಳು ಲೆಕ್ಕಪತ್ರಗಳನ್ನು ಹೊಕ್ಕವು. ಇಂಗ್ಲಿಷಿನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. 'ಬ್ಯಾಂಕ್ರಪ್ಟ್' ಎಂಬುದು 'ಮುರಿದ ಹಲಗೆ' ಎಂಬರ್ಥದ ಇಟಾಲಿಯನ್ ಮಾತಿನಿಂದ ಬಂದದ್ದು. ಹಣ ವಿನಿಮಯ ಮಾಡುವವನು ಕೂರುತ್ತಿದ್ದ ಹಲಗೆಯೇ ಅಲ್ಲಿನ 'ಬ್ಯಾಂಕ್'. ಜಮಾ-ಖರ್ಚಿನ ಇಮ್ಮಡಿ ದಾಖಲೆಯ ಪದ್ಧತಿಯನ್ನು ಲೂಕಾ ಪಾಚೋಲಿ ವೆನಿಸ್ಸಿನಲ್ಲಿ ೧೪೯೪ರಲ್ಲಿ ಮುದ್ರಿಸಿದನು. ಅಂದರೆ ನಮ್ಮವರು ಕಲಿಯಹೊರಟ ವಾಣಿಜ್ಯದ ಇಂಗ್ಲಿಷ್ ಕೂಡ ಸಾಲ ಪಡೆದು ಬೆಳೆದ ಭಾಷೆಯೇ.

ಕಂಪನಿಯ ಕಾಲದಲ್ಲಿ ಈ ಕಲಿಕೆಯ ಮೊದಲ ವಾಹಕರು ಮದರಾಸಿನ ದುಬಾಷಿಗಳು. ಎರಡು ಭಾಷೆ ಬಲ್ಲವನೆಂಬ ಅರ್ಥದ ಈ ಪದವೇ ಇಂಗ್ಲಿಷಿಗೆ ಸೇರಿತು. ಸರಾಫನು 'ಶ್ರಾಫ್' ಆದನು. ಯೂಲ್ ಮತ್ತು ಬರ್ನೆಲ್ ೧೮೮೬ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ನಿಘಂಟು ಇಂತಹ ಪದಗಳ ಭಂಡಾರ. ಕೊಡುಕೊಳೆ ಆಗ ಎರಡೂ ಕಡೆಯಿಂದ ನಡೆದಿತ್ತು. ೧೮೩೭ರಲ್ಲಿ ನ್ಯಾಯಾಲಯಗಳಿಂದ ಪಾರಸಿಯ ಸ್ಥಾನ ಜಾರಿತು. ೧೮೪೪ರಲ್ಲಿ ಹಾರ್ಡಿಂಜನ ನಿರ್ಣಯವು ಸರಕಾರಿ ನೌಕರಿಯಲ್ಲಿ ಇಂಗ್ಲಿಷ್ ಬಲ್ಲವರಿಗೆ ಆದ್ಯತೆ ನೀಡಿತು. ಅಲ್ಲಿಂದ ಇಂಗ್ಲಿಷ್ ಕಲಿಕೆ ವಿನಿಮಯದ ಮಾರ್ಗವಾಗಿ ಉಳಿಯದೆ ಅನ್ನದ ಷರತ್ತಾಯಿತು. ೧೯೧೩ರಲ್ಲಿ ಮುಂಬಯಿಯಲ್ಲಿ ಸಿಡ್ನಮ್ ವಾಣಿಜ್ಯ ಕಾಲೇಜು ಆರಂಭವಾದಾಗ ಈ ವಿದ್ಯೆಗೆ ಪದವಿಯ ಮನ್ನಣೆಯೂ ದೊರೆಯಿತು. ಅದೇ ನಗರದಲ್ಲಿ ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡಿಗರ ಸಂಘಗಳು ನಡೆಸಿದ ರಾತ್ರಿಶಾಲೆಗಳಲ್ಲಿ ಓದಿದ ತುಳುನಾಡಿನ ಹುಡುಗರು ಈ ಚರಿತ್ರೆಯ ಇನ್ನೊಂದು ಅಧ್ಯಾಯ.

ಕಲಿತದ್ದಾದರೂ ಏನು? ಪತ್ರವ್ಯವಹಾರದ ಸಿದ್ಧ ವಾಕ್ಯಗಳು. ತಮ್ಮ ಕೃಪಾಪತ್ರ ತಲುಪಿತೆಂದು ಅರಿಕೆ ಮಾಡುವುದು, ಈ ತಿಂಗಳಿಗೆ 'ಇನ್‌ಸ್ಟಂಟ್', ಕಳೆದ ತಿಂಗಳಿಗೆ 'ಅಲ್ಟಿಮೊ' ಎಂದು ಬರೆಯುವುದು, ಕೊನೆಗೆ 'ಅತ್ಯಂತ ವಿಧೇಯ ಸೇವಕ'ನೆಂದು ಸಹಿ ಹಾಕುವುದು. 'ವಿಜ್ಞಾಪನೆ', 'ಬಿನ್ನಹ', 'ಉಭಯ ಕುಶಲೋಪರಿ' ಎಂಬ ಒಕ್ಕಣೆಗಳಿಗೆ ಒಗ್ಗಿದ್ದ ನಮ್ಮ ಲೇಖಕವರ್ಗಕ್ಕೆ ಈ ವಿನಯದ ಭಾಷೆ ಅಪರಿಚಿತವೆನಿಸಿರಲಾರದೆಂದು ನಾವು ಭಾವಿಸುತ್ತೇವೆ. ಹಳೆಯ ಒಕ್ಕಣೆಯ ಅಚ್ಚಿನಲ್ಲಿ ಹೊಸ ಭಾಷೆಯನ್ನು ಎರೆಯುವುದು ಸುಲಭವಾಯಿತು.

ಈ ನಿಷ್ಠೆಯೇ ಹಾಸ್ಯಕ್ಕೆ ವಸ್ತುವಾದುದು ವಿಪರ್ಯಾಸ. ಆರ್ನಲ್ಡ್ ರೈಟ್ ೧೮೯೧ರಲ್ಲಿ 'ಬಾಬು ಇಂಗ್ಲಿಷ್' ಎಂದು ಹೆಸರಿಟ್ಟು ಭಾರತೀಯರ ಬರಹದ ಮಾದರಿಗಳನ್ನು ವಿನೋದಕ್ಕಾಗಿ ಸಂಕಲಿಸಿದನು. ೧೮೯೭ರಲ್ಲಿ ಆನ್‌ಸ್ಟಿಯ 'ಬಾಬು ಜಬ್ಬರ್‌ಜೀ' ಪುಸ್ತಕರೂಪದಲ್ಲಿ ಬಂದಿತು. ಇಂದಿಗೂ 'ಡೂ ದ ನೀಡ್‌ಫುಲ್' ಎಂಬ ಮಾತನ್ನು ಭಾರತೀಯರ ತಪ್ಪೆಂದು ಎಣಿಸುವವರಿದ್ದಾರೆ. ಆದರೆ ಅದು ೧೮ ಮತ್ತು ೧೯ನೆಯ ಶತಮಾನಗಳಲ್ಲಿ ಬ್ರಿಟಿಷರೇ ಬಳಸುತ್ತಿದ್ದ ಮಾತು. ಇಂಗ್ಲೆಂಡಿನಲ್ಲಿ ಇಂತಹ ಶೈಲಿಯ ವಿರುದ್ಧ ಟೀಕೆ ಬೆಳೆದು, ೧೯೪೮ರಲ್ಲಿ ಅರ್ನೆಸ್ಟ್ ಗೋವರ್ಸ್ ಅಲ್ಲಿನ ಖಜಾನೆ ಇಲಾಖೆಯ ಕೋರಿಕೆಯಂತೆ ಸರಳ ಬರವಣಿಗೆಯ ಕೈಪಿಡಿಯನ್ನು ರಚಿಸಿದನು. ಕಲಿಸಿದವರು ಪಾಠವನ್ನು ಬದಲಿಸಿಕೊಂಡರು. ಕಲಿತವರು ಹಳೆಯ ಪಾಠವನ್ನು ಉಳಿಸಿಕೊಂಡರು. ಇದನ್ನು ಅಜ್ಞಾನವೆನ್ನುವುದಕ್ಕಿಂತ ಭಾಷಾಚರಿತ್ರೆಯ ಒಂದು ಸಹಜ ಘಟನೆಯೆನ್ನುವುದು ಯುಕ್ತ. ನಡುಗನ್ನಡದ ಎಷ್ಟೋ ರೂಪಗಳು ಗಡಿಯಾಚೆಯ ಆಡುನುಡಿಗಳಲ್ಲಿ ಉಳಿದಿರುವುದನ್ನು ನಾವು ದೋಷವೆಂದು ಎಣಿಸುವುದಿಲ್ಲವಷ್ಟೆ.

ಕಲಿಕೆ ಅನುಕರಣೆಯಾಗಿಯೇ ನಿಲ್ಲಲಿಲ್ಲವೆಂಬುದಕ್ಕೂ ಪುರಾವೆಯಿದೆ. ನಿರ್ಗತಿಕನೆಂಬ ಅರ್ಥದ ಇಂಗ್ಲಿಷ್ ಪದ ನ್ಯಾಯಾಲಯದ ಮೂಲಕ ಬಂದು ಕನ್ನಡದಲ್ಲಿ 'ಪಾಪರಾಗು' ಎಂಬ ಕ್ರಿಯೆಯಾಯಿತು, 'ಪಾಪರ್ ಚೀಟಿ'ಯಾಯಿತು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಆ ಪದವನ್ನು ೧೯೭೬ರ ತಿದ್ದುಪಡಿ ತೆಗೆದುಹಾಕಿತು. ಕನ್ನಡದ ನುಡಿಗಟ್ಟು ಮಾತ್ರ ಜೀವಂತವಾಗಿದೆ. ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಮಡಿಕೆಯಲ್ಲಿ ವರ್ತಕರು ಬಳಪದಿಂದ ಲೆಕ್ಕ ಬರೆಯುತ್ತಿದ್ದ 'ಕಡತ'ವು ಇಂದು ಸರಕಾರಿ ಕಚೇರಿಯ 'ಫೈಲಿ'ಗೆ ಹೆಸರಾಗಿದೆ. ಒಂದೆಡೆ ಪರಪದಕ್ಕೆ ಕನ್ನಡದ ಪ್ರತ್ಯಯ, ಇನ್ನೊಂದೆಡೆ ಪರವಸ್ತುವಿಗೆ ಕನ್ನಡದ ಹಳೆಯ ಹೆಸರು: ಇವೆರಡೂ ಕಲಿತವರ ಸ್ವಾತಂತ್ರ್ಯದ ಗುರುತುಗಳು.

ಇಂದು ಉನ್ನತ ವ್ಯವಹಾರದ ಇಂಗ್ಲಿಷನ್ನು ಕಲಿಸುವವರು ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠಕ್ಕೆ ಒಪ್ಪಿಸುವುದುಂಟು. ಪೇಟೆಯ ಗೂಳಿ-ಕರಡಿಗಳು ಹದಿನೆಂಟನೆಯ ಶತಮಾನದ ಲಂಡನ್ನಿನಿಂದ, ನಷ್ಟವೆಂಬರ್ಥದ 'ಕೆಂಪು' ಲೆಕ್ಕದ ಪುಸ್ತಕದ ಶಾಯಿಯಿಂದ ಬಂದುವೆಂದು ತಿಳಿದವನಿಗೆ ಆ ಪಟ್ಟಿ ಹೊರೆಯಾಗದು; ಆಳುವವರ ಮಂತ್ರವೆಂಬ ಭೀತಿಯೂ ಉಳಿಯದು. ಸಂಶೋಧಕರ ಮುಂದಿರುವ ಕೆಲಸ ಇನ್ನೂ ತುರ್ತಿನದು. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳ ಕನ್ನಡಿಗ ವ್ಯಾಪಾರಿ ಮನೆತನಗಳಲ್ಲಿ ಹಳೆಯ ಕಿರ್ದಿ, ಖಾತೆ, ಪತ್ರಗಳ ನಕಲುಗಳು ಇರುವೆಡೆ ಅವುಗಳಲ್ಲಿ ಎರಡು ಭಾಷೆಗಳು ಒಂದೇ ಪುಟದಲ್ಲಿ ಸಂಧಿಸಿರುವುದನ್ನು ಕಾಣಬಹುದು. ತಾಳೆಗರಿಗಳಿಗೆ ದೊರೆತ ಆಸ್ಥೆ ಈ ಕಾಗದಗಳಿಗೂ ದೊರೆಯಬೇಕು. ಅವು ರದ್ದಿಗೆ ಹೋದ ಮೇಲೆ ಈ ಚರಿತ್ರೆಯನ್ನು ಬರೆಯಲು ನಗಾಡಿದವರ ಸಂಕಲನಗಳಷ್ಟೇ ಆಧಾರವಾಗಿ ಉಳಿಯುತ್ತವೆ.