ಸವೆಯುವ ಭಾಗಗಳ ಚರಿತ್ರೆ



ರಾಜರ ಚರಿತ್ರೆಯನ್ನು ತರಗತಿಯಲ್ಲಿ ನಿಮಗೆ ಬೇಕಾದಷ್ಟು ಹೇಳಿದ್ದೇನೆ. ಈ ಸಲ ಸೈಕಲ್ಲಿನ ಸವೆಯುವ ಭಾಗಗಳ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಂದ ಪೆಡಲ್ ತುಳಿದು ಹೈಸ್ಕೂಲಿಗೆ ಬಂದವರಿಗೆ ಇದು ಪರಕೀಯವಾದ ವಿಷಯವಲ್ಲ.

ಬ್ರಿಟಿಷರ ಕಾಲದ ಜಿ.ಐ.ಪಿ. ರೈಲುಮಾರ್ಗವು ಸೊಲ್ಲಾಪುರ, ಕಲಬುರಗಿಗಳನ್ನು ಹಾಯ್ದು 1871ರಲ್ಲಿ ರಾಯಚೂರನ್ನು ಮುಟ್ಟಿತು. ಆದರೆ ಈ ಮೂರೂ ತಾಲೂಕು ಪಟ್ಟಣಗಳು ಹಳಿಯಿಂದ ದೂರವೇ ಉಳಿದವು. ಕಾಲ್ನಡಿಗೆಗೂ ಎತ್ತಿನ ಬಂಡಿಗೂ ಬದಲಾಗಿ ಬಡವನ ಕೈಗೆ ದೊರೆತ ಮೊದಲ ಯಂತ್ರವೆಂದರೆ ಸೈಕಲ್ಲೇ.

ಆ ಯಂತ್ರದ ಒಂದೊಂದು ಭಾಗವೂ ಒಂದೊಂದು ಕಡೆ ಹುಟ್ಟಿದ್ದು. ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದರು. ಇಂದಿನ ಚೈನಿನ ಮೂಲರೂಪವನ್ನು 1880ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡ್ ರೂಪಿಸಿದರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯವರ ರೋವರ್ ಸೈಕಲ್ ಬಂದಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಗಾಳಿಯ ಸುಖ ಬಂದ ದಿನವೇ ಪಂಕ್ಚರಿನ ದುಃಖವೂ ಬಂದಿತೆನ್ನಬೇಕು.

ನಮ್ಮ ಸೀಮೆಯಲ್ಲಿ ಆ ದುಃಖ ತುಸು ಹೆಚ್ಚೇ. ಬೇಲಿಯ ಜಾಲಿಮುಳ್ಳು ಟೈರನ್ನು ಭೇದಿಸುತ್ತದೆ. ಹೊಲದ ಬದುವಿನ ನೆಗ್ಗಿಲು ಮುಳ್ಳು ಹೇಗೆ ಬಿದ್ದರೂ ಒಂದು ಮೊನೆಯನ್ನು ಮೇಲಕ್ಕೆ ಮಾಡಿಯೇ ಇರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನ ಸಂದಿನಲ್ಲಿ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ದೂಳಾಗಿ ಎಣ್ಣೆಯೊಡನೆ ಬೆರೆತು ಚೈನನ್ನು ಅರದಂತೆ ಉಜ್ಜುತ್ತದೆ. ವಾಲ್‌ಟ್ಯೂಬಿನ ಎಳೆಯ ರಬ್ಬರು ಬಿಸಿಲಿಗೆ ಬಿರುಸಾಗಿ ಬಿರಿಯುತ್ತದೆ. ಬ್ರೇಕಿನ ರಬ್ಬರು ರಿಮ್ಮಿಗೆ ತಿಕ್ಕಿ ತಿಕ್ಕಿ ಕರಗುತ್ತದೆ.

ಚೈನು ಜೋಲುವುದನ್ನು ಕಂಡು ಅದು ಹಿಗ್ಗಿತೆಂದು ಜನ ಹೇಳುವುದುಂಟು. ವಾಸ್ತವವಾಗಿ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಕೊಂಡಿಗಳೊಳಗಿನ ಮೊಳೆ, ತೂತುಗಳು ಸವೆಯುತ್ತವೆ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸವೆದರೂ ನೂರಕ್ಕೂ ಮಿಕ್ಕ ಕೀಲುಗಳು ಸೇರಿದಾಗ ಉದ್ದ ಬೆಳೆಯುತ್ತದೆ. ಒಂದು ಕೊಂಡಿಗೆ ಅರ್ಧ ಅಂಗುಲದಂತೆ 24 ಕೊಂಡಿಗಳು ಸರಿಯಾಗಿ 12 ಅಂಗುಲವಿರಬೇಕು. ಅದಕ್ಕಿಂತ ಒಂದು ಅಂಗುಲದ ಎಂಟನೆಯ ಒಂದು ಭಾಗದಷ್ಟು ಹೆಚ್ಚಾದರೆ ಚೈನನ್ನು ಬದಲಿಸಬೇಕು. ಬದಲಿಸದೆ ಬಿಟ್ಟರೆ ಹಲ್ಲುಚಕ್ರದ ಹಲ್ಲುಗಳು ಕೊಕ್ಕೆಯಾಗುತ್ತವೆ. ಆಮೇಲೆ ಹೊಸ ಚೈನು ಹಾಕಿದರೂ ಜಿಗಿಯುತ್ತದೆ. ಫ್ರೀವ್ಹೀಲನ್ನೂ ಕೊಳ್ಳಬೇಕಾಗುತ್ತದೆ. ಸಣ್ಣ ಖರ್ಚನ್ನು ಮುಂದೂಡಿದವನು ದೊಡ್ಡ ಖರ್ಚನ್ನು ಬರಮಾಡಿಕೊಳ್ಳುತ್ತಾನೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದೊಡನೆ ವಿಲೀನವಾಯಿತು. ಅದರ ಮರುವರ್ಷವೇ, 1949ರಲ್ಲಿ, ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾಯಿತು. 1951ರಲ್ಲಿ ಸೋನಿಪತ್ತಿನ ಅಟ್ಲಾಸ್ ಆರಂಭವಾಯಿತು. ನಮ್ಮ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿಯೇ ಲುಧಿಯಾನದ ಹೀರೋ ಸೈಕಲ್ ತಯಾರಿಕೆಗೆ ಇಳಿಯಿತು. ಈ ಕಾರ್ಖಾನೆಗಳ ಕಪ್ಪು ಸೈಕಲ್ಲುಗಳ ಹೆಸರು ಬೇರೆಯಾದರೂ ಅಳತೆ ಬಹುಮಟ್ಟಿಗೆ ಒಂದೇ. 28 ಅಂಗುಲದ ಟೈರು, ಗುಂಡು, ಕಾಟರ್ ಪಿನ್ನು, ಕಡ್ಡಿ ಇವು ಒಂದರದು ಇನ್ನೊಂದಕ್ಕೆ ಒಗ್ಗುತ್ತಿದ್ದವು. ಹೀಗಾಗಿ ಬಸ್ ನಿಲ್ದಾಣದ ಬಳಿ ಒಂದು ಪಾನಾ, ಒಂದು ಪಂಪು, ಒಂದು ಬೋಗುಣಿ ನೀರು ಇಟ್ಟುಕೊಂಡು ಕುಳಿತವನೂ ಇಡೀ ಊರಿನ ಸೈಕಲ್ಲುಗಳನ್ನು ಓಡುವಂತೆ ಇಟ್ಟಿರಬಲ್ಲವನಾದನು. ಅವನ ಹೆಸರು ಯಾವ ಚರಿತ್ರೆಯಲ್ಲಿಯೂ ಬರುವುದಿಲ್ಲ.

2006-07ರಲ್ಲಿ ಕರ್ನಾಟಕ ಸರ್ಕಾರವು 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿತು. ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ಮೇಲೆ ಶಾಲೆಗೆ ಬರುವುದನ್ನು ಕಂಡು ಮನಸ್ಸು ತುಂಬಿ ಬಂದಿತ್ತು. ಆದರೆ ಎಷ್ಟೋ ಮನೆಗಳಲ್ಲಿ ಒಂದು ಟ್ಯೂಬಿಗೋ ಚೈನಿಗೋ ಹಣವಿಲ್ಲದೆ ಸೈಕಲ್ ಗೋಡೆಗೆ ಒರಗಿತು. ಗೋಡೆಗೆ ಒರಗಿದ ಸೈಕಲ್ಲಿನ ಹಿಂದೆ ಶಾಲೆಗೆ ತಡವಾಗಿ ಬರುವ, ಬರಬರುತ್ತ ಬಾರದೆಯೇ ಹೋಗುವ ಹುಡುಗಿಯೊಬ್ಬಳು ಇರುತ್ತಾಳೆ. ಅವಳ ಓದು ನಿಲ್ಲಲು ದೊಡ್ಡ ಕಾರಣವೇ ಬೇಕೆಂದಿಲ್ಲ, ಬೆರಳುದ್ದದ ರಬ್ಬರು ಸಾಕು.

ಯಂತ್ರವನ್ನು ಕೊಡುವುದು ಒಂದು ದಿನದ ಸಮಾರಂಭ, ಅದನ್ನು ಓಡುವಂತೆ ಇಡುವುದು ನಿತ್ಯದ ಕೆಲಸ. ನಿಮ್ಮಲ್ಲಿ ಅನೇಕರು ಈಗ ಕಾರಿನಲ್ಲಿ ಊರಿಗೆ ಬರುತ್ತೀರಿ. ಬಂದಾಗ ಅಕ್ಕಪಕ್ಕದ ಮನೆಯಂಗಳವನ್ನೊಮ್ಮೆ ನೋಡಿರಿ. ಗಾಳಿ ಇಳಿದ ಸೈಕಲ್ ಕಂಡರೆ ಅದು ಯಾವ ಮಗುವಿನದೆಂದು ವಿಚಾರಿಸಿರಿ. ಗುರುದಕ್ಷಿಣೆಯೆಂದು ನಾನು ಕೇಳುವುದಾದರೆ ಇಷ್ಟನ್ನೇ.